ಕ್ರೈಸ್ತ ಧರ್ಮದ ಚರಿತ್ರೆ ಓದಬೇಕು, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಾನು ರಾಜಾಜಿನಗರದವಳು, ಬ್ಯಾಂಕಿನಲ್ಲಿ ಕೆಲಸ. ಓದಿದ್ದು ಕಾನ್ವೆಂಟಿನಲ್ಲಿ, ಆದರೆ ನಾವು ಕ್ರೈಸ್ತರಲ್ಲ. ಆಫೀಸಿನಲ್ಲಿ ನನ್ನ ಜೊತೆ ಮೂವರು ಕ್ರೈಸ್ತ ಗೆಳತಿಯರಿದ್ದಾರೆ. ಒಬ್ಬರು ಕಥೋಲಿಕರು, ಒಬ್ಬರು ಸಿಎಸ್‌ಐ (ದಕ್ಷಿಣ ಭಾರತ ಸಭೆ), ಇನ್ನೊಬ್ಬರು ಪೆಂತೆಕೋಸ್ತ್ ಸಭೆಯವರು. ಮೂವರಿಗೂ ಯೇಸು ಒಬ್ಬನೇ. ಆದರೆ ಮರಿಯಮ್ಮನ ವಿಷಯ, ದೀಕ್ಷಾಸ್ನಾನದ ವಿಷಯ ಬಂದರೆ ಒಬ್ಬೊಬ್ಬರದು ಒಂದೊಂದು ಮಾತು. ಇದನ್ನು ಸರಿಯಾಗಿ ಓದಿ ತಿಳಿಯಬೇಕು ಅಂತ ಆಸೆ. ಚರಿತ್ರೆ ಮೊದಲೋ, ಸಿದ್ಧಾಂತ ಮೊದಲೋ? ಗ್ರೀಕ್ ಕಲಿಯಬೇಕಾ? ಬೆಂಗಳೂರಿನಲ್ಲಿ ಎಲ್ಲಿ ಓದಬಹುದು? ನಂಬಿಕೆ ಇಲ್ಲದವಳಿಗೆ ಇದು ಅರ್ಥ ಆಗುತ್ತದಾ? ಮನೆಯಲ್ಲಿ ಅತ್ತೆ ಬೇರೆ, "ಇದೆಲ್ಲ ನಿನಗ್ಯಾಕಮ್ಮ" ಅಂತ ಕೇಳುತ್ತಿದ್ದಾರೆ.

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ನಾನು ಮೂವತ್ತು ವರ್ಷದಿಂದ ಈ ಊರಲ್ಲಿ ಸಭಾಚರಿತ್ರೆ, ಅಂದರೆ ಕ್ರೈಸ್ತ ಸಭೆಗಳ ಚರಿತ್ರೆ, ಪಾಠ ಮಾಡುತ್ತಿದ್ದೇನೆ. ಸಭಾಪಾಲಕರಾಗಲು ಬಂದ ಹುಡುಗ ಹುಡುಗಿಯರಿಗೆ ಹೇಳಿಕೊಟ್ಟಿದ್ದೇ ಜಾಸ್ತಿ. ಅವರಿಗೆ ಇದು ಪಾಸಾಗಬೇಕಾದ ವಿಷಯ. ನಿಮಗೆ ಪರೀಕ್ಷೆಯಿಲ್ಲ, ಬಡ್ತಿಯಿಲ್ಲ, ಆದರೂ ತಿಳಿಯಬೇಕು ಅನ್ನಿಸಿದೆ. ನನಗೆ ತುಂಬಾ ಸಂತೋಷವಾಯಿತು. ಉತ್ತರ ಸ್ವಲ್ಪ ಉದ್ದವಾದರೆ ಬೇಸರ ಮಾಡಿಕೊಳ್ಳಬೇಡಿ.

ಚರಿತ್ರೆ ಮತ್ತು ಸಿದ್ಧಾಂತವನ್ನು ಬೇರೆ ಬೇರೆ ಓದಲೇಬೇಡಿ. ಕ್ರೈಸ್ತರ ಒಂದೊಂದು ಸಿದ್ಧಾಂತವೂ ಯಾರೋ ಎತ್ತಿದ ಪ್ರಶ್ನೆಗೆ ಯಾರೋ ಕೊಟ್ಟ ಉತ್ತರ. ಪ್ರಶ್ನೆ ಗೊತ್ತಿಲ್ಲದೆ ಉತ್ತರ ಮಾತ್ರ ಓದಿದರೆ ತಲೆಬುಡ ಗೊತ್ತಾಗುವುದಿಲ್ಲ. ನಾನೇ ವಿದ್ಯಾರ್ಥಿಯಾಗಿದ್ದಾಗ ಹಾಗೆ ಓದಿದೆ. ಒಂದು ನೋಟ್‌ಬುಕ್ಕಿನಲ್ಲಿ ಇಸವಿಗಳು, ಇನ್ನೊಂದರಲ್ಲಿ ಸಿದ್ಧಾಂತಗಳು. ಎರಡೂ ಬಾಯಿಪಾಠ. ರಜೆಯಲ್ಲಿ ತುಮಕೂರಿನ ಕಡೆಯ ನಮ್ಮೂರಿಗೆ ಹೋದಾಗ ಅಜ್ಜಿ ಒಂದು ಪ್ರಶ್ನೆ ಕೇಳಿದರು. ಬಾಯಿ ಕಟ್ಟಿಹೋಯಿತು. ಆ ಕಥೆಗೆ ಆಮೇಲೆ ಬರುತ್ತೇನೆ.

ಶುರು ಮಾಡಲು ದಪ್ಪ ಪುಸ್ತಕ ಬೇಡ. ಒಂದೇ ಒಂದು ಹಾಳೆ ಸಾಕು. ನಿಮ್ಮ ಕಥೋಲಿಕ ಗೆಳತಿಯನ್ನೋ ಸಿಎಸ್‌ಐ ಗೆಳತಿಯನ್ನೋ ಕೇಳಿ, ನೈಸಿಯಾದ ವಿಶ್ವಾಸಪ್ರಮಾಣ ಕನ್ನಡದಲ್ಲಿ ಕೊಡುತ್ತಾರೆ. ಪೂಜೆಯ ಪುಸ್ತಕದಲ್ಲೇ ಇರುತ್ತದೆ. "ಒಬ್ಬನೇ ದೇವರನ್ನು ನಂಬುತ್ತೇನೆ" ಅಂತ ಶುರುವಾಗುವ ಪಾಠ. ಓದಲು ಎರಡು ನಿಮಿಷ ಬೇಕು. ಅದನ್ನು ಬಿಡಿಸಿ ನೋಡಲು ಒಂದು ವರ್ಷ ಬೇಕು. ನಿಮ್ಮ ಮೊದಲ ವರ್ಷದ ಓದು ಅಷ್ಟೇ ಆಗಲಿ.

ಅದನ್ನು ಹೇಗೆ ಬಿಡಿಸುವುದು ಅಂತ ತೋರಿಸುತ್ತೇನೆ. ಆ ಹಾಳೆಯಲ್ಲಿ ಯೇಸುವಿನ ಬಗ್ಗೆ ಒಂದು ವಿಚಿತ್ರ ಸಾಲಿದೆ. ಆತ ತಂದೆಯಿಂದ ಹುಟ್ಟಿದವನು, ಉಂಟುಮಾಡಿದ್ದಲ್ಲ ಎಂಬ ಅರ್ಥದ ಸಾಲು. ಹುಟ್ಟಿದವನು ಅಂದರೆ ಸಾಕಲ್ವಾ? ಉಂಟುಮಾಡಿದ್ದಲ್ಲ ಅಂತ ಒತ್ತಿ ಹೇಳಿದ್ದು ಯಾಕೆ? ಯಾರೋ ಒಬ್ಬರು, ಉಂಟುಮಾಡಿದ್ದು ಅಂತ ಹೇಳಿರಬೇಕು. ಹೇಳಿದ್ದರು. ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಆರಿಯಸ್ ಎಂಬ ಪಾದ್ರಿಯಿದ್ದ. ದೇವರು ಒಬ್ಬನೇ, ಆತನಿಗೆ ಆದಿಯಿಲ್ಲ. ಮಗ ಎಷ್ಟೇ ದೊಡ್ಡವನಾದರೂ ಆತನಿಗೆ ಒಂದು ಆದಿಯಿದೆ, ಆತ ಇಲ್ಲದಿದ್ದ ಒಂದು ಸ್ಥಿತಿ ಇತ್ತು ಅನ್ನುವುದು ಅವನ ವಾದ. ಇದನ್ನು ದಡ್ಡನ ಮಾತು ಅಂತ ತಳ್ಳಿಹಾಕಬೇಡಿ. ದೇವರ ಏಕತ್ವ ಕಾಪಾಡಬೇಕು ಅನ್ನುವ ನಿಜವಾದ ಕಾಳಜಿ ಅದರಲ್ಲಿತ್ತು. ತನ್ನ ವಿಚಾರ ಜನಕ್ಕೆ ಮುಟ್ಟಲಿ ಅಂತ ಆರಿಯಸ್ ಹಾಡುಗಳನ್ನೇ ಕಟ್ಟಿದ. ಹಡಗಿನವರು, ಬೀಸುವ ಕಲ್ಲಿನ ಮುಂದೆ ಕೂತವರು, ದಾರಿಹೋಕರು ಹಾಡಲಿ ಅಂತ. ನಮ್ಮ ತತ್ವಪದಗಳು ಊರೂರಿಗೆ ಹಬ್ಬಿದ ರೀತಿ ನೆನಪಿಸಿಕೊಂಡರೆ ಅದರ ಬಲ ಗೊತ್ತಾಗುತ್ತದೆ.

ಈ ಜಗಳ ಬಿಡಿಸಲು ಚಕ್ರವರ್ತಿ ಕಾನ್‌ಸ್ಟಂಟೈನ್ 325ರಲ್ಲಿ ನೈಸಿಯಾದಲ್ಲಿ ಬಿಷಪ್ಪರ ಸಭೆ ಕರೆದ. ಇವತ್ತು ಆ ಊರು ಟರ್ಕಿಯಲ್ಲಿದೆ, ಹೆಸರು ಇಜ್ನಿಕ್. ಸಂಪ್ರದಾಯ 318 ಬಿಷಪ್ಪರು ಅನ್ನುತ್ತದೆ. ಅಲ್ಲೇ ಇದ್ದ ಯೂಸೇಬಿಯಸ್ ಎಂಬ ಬಿಷಪ್ 250ಕ್ಕಿಂತ ಜಾಸ್ತಿ ಅಂತ ಬರೆದಿದ್ದಾನೆ. ಕೇವಲ ಇಪ್ಪತ್ತೆರಡು ವರ್ಷದ ಹಿಂದೆ, 303ರಲ್ಲಿ, ಅದೇ ಸಾಮ್ರಾಜ್ಯ ಇವರ ಮೇಲೆ ದೊಡ್ಡ ಹಿಂಸೆ ಶುರು ಮಾಡಿತ್ತು. ಜೈಲು ಕಂಡವರು ಈಗ ಅರಮನೆಯಲ್ಲಿ ಕೂತು ಒಂದು ಪದಕ್ಕಾಗಿ ವಾದ ಮಾಡುತ್ತಿದ್ದಾರೆ. ಆ ಪದ ಹೋಮೊಊಸಿಯೋಸ್, ಅಂದರೆ ತಂದೆ ಯಾವ ಸತ್ವವೋ ಮಗನೂ ಅದೇ ಸತ್ವ.

ಈಗ ಅಜ್ಜಿಯ ಪ್ರಶ್ನೆ. ನಮ್ಮ ಅಜ್ಜಿಗೆ ಓದು ಬರೆಯಲು ಬರುತ್ತಿರಲಿಲ್ಲ. ಆದರೆ ಕರ್ತನ ಭೋಜನದ ಭಾನುವಾರ ಈ ಪ್ರಮಾಣವನ್ನು ಕಣ್ಣು ಮುಚ್ಚಿ ಒಂದಕ್ಷರ ತಪ್ಪದೆ ಹೇಳುತ್ತಿದ್ದರು. ನಾನು ಬೆಂಗಳೂರಿನಲ್ಲಿ ಓದುತ್ತಿದ್ದೇನೆ ಅಂತ ಹೆಮ್ಮೆಯಿಂದ, "ಉಂಟುಮಾಡಿದ್ದಲ್ಲ ಅಂತ ಯಾಕಪ್ಪ ಹೇಳೋದು?" ಅಂತ ಕೇಳಿದರು. ನಾನು 325, ಆರಿಯಸ್, ಹೋಮೊಊಸಿಯೋಸ್ ಅಂತ ಉದುರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂಗಳದ ಮೂಲೆಯಲ್ಲಿದ್ದ ನೀರಿನ ಮಡಕೆ ತೋರಿಸಿ ಹೇಳಿದರು: "ಕುಂಬಾರ ಮಡಕೆ ಮಾಡ್ತಾನೆ. ಮಗನ್ನ ಮಾಡ್ತಾನಾ? ಮಗ ಹುಟ್ಟೋದು. ಮಡಕೆ ಮಣ್ಣು, ಮಗ ಮನುಷ್ಯ. ಹಂಗೇ ಅಲ್ವಾ?"

ಎಷ್ಟೋ ವರ್ಷದ ಮೇಲೆ ಅತನಾಸಿಯಸ್ ಬರೆದದ್ದನ್ನು ಕೂತು ಓದಿದೆ. ನೈಸಿಯಾಕ್ಕೆ ತನ್ನ ಬಿಷಪ್ಪರ ಸಹಾಯಕನಾಗಿ ಹೋಗಿದ್ದವನು, ಆಮೇಲೆ ಜೀವನವೆಲ್ಲ ಆ ಪದಕ್ಕಾಗಿ ಹೋರಾಡಿದವನು. ಅವನ ವಾದ ಏನು ಗೊತ್ತಾ? ಮನುಷ್ಯ ಮನೆ ಕಟ್ಟುತ್ತಾನೆ, ಮಗನನ್ನು ಪಡೆಯುತ್ತಾನೆ. ಮನೆ ಅವನ ಹೊರಗಿನದು, ಮಗ ಅವನದೇ ಸತ್ವದವನು. ಅಜ್ಜಿ ಹೇಳಿದ್ದು ಅದನ್ನೇ. ಗ್ರಂಥಾಲಯದಲ್ಲಿ ಆ ಪುಟ ಓದುವಾಗ ನನಗೆ ಕಣ್ಣಲ್ಲಿ ನೀರು ಬಂತು. ಅವತ್ತಿನಿಂದ ನಾನು ಪಾಠ ಮಾಡುವ ರೀತಿಯೇ ಬದಲಾಯಿತು.

ಇನ್ನೂ ಒಂದು ವಿಷಯ ನೋಡಿ. ನೈಸಿಯಾದ ಪ್ರಮಾಣ ಅಂತ ಭಾನುವಾರ ಹೇಳುವುದು ನಿಜವಾಗಿ 381ರ ಕಾನ್‌ಸ್ಟಾಂಟಿನೋಪಲ್ ಸಭೆಗೆ ಸೇರಿದ ರೂಪ. 325ರ ಪಾಠ ಪವಿತ್ರಾತ್ಮನ ಹತ್ತಿರ ಬಂದು, ಪವಿತ್ರಾತ್ಮನನ್ನೂ ನಂಬುತ್ತೇವೆ ಅಂತ ಒಂದೇ ಮಾತಿನಲ್ಲಿ ಮುಗಿದುಬಿಡುತ್ತದೆ. 381ರ ಪಾಠದಲ್ಲಿ ಅದೇ ಜಾಗದಲ್ಲಿ ನಾಲ್ಕೈದು ಸಾಲುಗಳಿವೆ. ಯಾಕೆ? 325ರಲ್ಲಿ ಪವಿತ್ರಾತ್ಮನ ಬಗ್ಗೆ ಜಗಳವಿರಲಿಲ್ಲ. ನಡುವಿನ ಐವತ್ತು ವರ್ಷದಲ್ಲಿ ಅದೂ ಎದ್ದಿತ್ತು. ಎರಡೂ ಪಾಠಗಳನ್ನು ಅಕ್ಕಪಕ್ಕ ಇಟ್ಟು ಪೆನ್ಸಿಲ್ಲಿನಲ್ಲಿ ಗೆರೆ ಹಾಕಿ. ಎಲ್ಲಿ ಸಾಲು ಉದ್ದವಾಗಿದೆಯೋ ಅಲ್ಲಿ ಯಾರೋ ವಾದ ಮಾಡಿದ್ದಾರೆ. ನನ್ನ ವಿದ್ಯಾರ್ಥಿಗಳಿಗೆ ಮೊದಲ ತರಗತಿಯಲ್ಲೇ ಇದನ್ನು ಮಾಡಿಸುತ್ತೇನೆ.

ಆ ಐವತ್ತು ವರ್ಷ ಸುಲಭವಾಗಿರಲಿಲ್ಲ. ಅತನಾಸಿಯಸ್ ಐದು ಸಲ ಗಡಿಪಾರಾದ. ಚಕ್ರವರ್ತಿ ಬದಲಾದ ಹಾಗೆ ಯಾರು ಸರಿ ಅನ್ನುವುದೂ ಬದಲಾಗುತ್ತಿತ್ತು. ನೀಸದ ಗ್ರೆಗೊರಿ ಎಂಬ ಬಿಷಪ್ ಆ ಕಾಲದ ರಾಜಧಾನಿಯ ಬೀದಿ ನೋಡಿ ಬೇಸತ್ತು ಬರೆದಿದ್ದಾನೆ: ಚಿಲ್ಲರೆ ಕೇಳಿದರೆ ಅಂಗಡಿಯವನು ಹುಟ್ಟಿದವನು, ಹುಟ್ಟದವನು ಅಂತ ತತ್ವ ಹೇಳುತ್ತಾನೆ, ರೊಟ್ಟಿಯ ಬೆಲೆ ಕೇಳಿದರೆ ತಂದೆ ದೊಡ್ಡವನು, ಮಗ ಚಿಕ್ಕವನು ಅನ್ನುತ್ತಾನೆ, ಸ್ನಾನಕ್ಕೆ ನೀರು ಕಾದಿದೆಯಾ ಅಂದರೆ ಮಗ ಶೂನ್ಯದಿಂದ ಬಂದವನು ಅನ್ನುತ್ತಾನೆ ಅಂತ. ಕೆ.ಆರ್. ಮಾರ್ಕೆಟ್ಟಿನಲ್ಲಿ ಸೊಪ್ಪು ಕೊಳ್ಳಲು ಹೋದಾಗ ದ್ವೈತ ಅದ್ವೈತದ ಚರ್ಚೆ ಕಿವಿಗೆ ಬಿದ್ದ ಹಾಗೆ. ಸಿದ್ಧಾಂತ ಅನ್ನುವುದು ಪಂಡಿತರ ಕೋಣೆಯಲ್ಲಿ ಮಾತ್ರ ಬೆಳೆದದ್ದಲ್ಲ.

ಇಲ್ಲೇ ಎರಡು ತಪ್ಪು ತಿಳುವಳಿಕೆ ಬಿಟ್ಟುಬಿಡಿ, ಯಾಕೆಂದರೆ ಮೊಬೈಲ್ ತೆರೆದರೆ ಇವೇ ಎದುರಾಗುತ್ತವೆ. ಬೈಬಲ್ಲಿನಲ್ಲಿ ಯಾವ ಪುಸ್ತಕ ಇರಬೇಕು ಅಂತ ನೈಸಿಯಾದಲ್ಲಿ ತೀರ್ಮಾನ ಮಾಡಿದರು ಅನ್ನುವುದು ಸುಳ್ಳು. ಅಲ್ಲಿಂದ ಬಂದ 20 ನಿಯಮಗಳಲ್ಲಿ ಆ ವಿಷಯವೇ ಇಲ್ಲ. ಹೊಸ ಒಡಂಬಡಿಕೆಯ ಈಗಿನ 27 ಪುಸ್ತಕಗಳ ಪಟ್ಟಿ ಸರಿಯಾಗಿ ಸಿಗುವುದು 367ರಲ್ಲಿ ಅತನಾಸಿಯಸ್ ಬರೆದ ಒಂದು ಪತ್ರದಲ್ಲಿ. ಎರಡನೆಯದು, ಕಾನ್‌ಸ್ಟಂಟೈನ್ ಕ್ರೈಸ್ತ ಧರ್ಮವನ್ನು ರಾಜ್ಯದ ಧರ್ಮ ಮಾಡಿದ ಅನ್ನುವುದು. 313ರಲ್ಲಿ ಅವನು ಮತ್ತು ಜೊತೆ ಚಕ್ರವರ್ತಿ ಲಿಸಿನಿಯಸ್ ಕೊಟ್ಟದ್ದು ಪೂಜೆಯ ಸ್ವಾತಂತ್ರ್ಯ. ರಾಜ್ಯಧರ್ಮದ ಮಾತು ಬರುವುದು 380ರಲ್ಲಿ, ಥಿಯೋಡೋಸಿಯಸ್ ಕಾಲಕ್ಕೆ.

ಹಾಗಾದರೆ ಅದಕ್ಕೂ ಮೊದಲು ಯೇಸುವನ್ನು ದೇವರು ಅಂತ ಯಾರೂ ಕರೆಯುತ್ತಿರಲಿಲ್ಲವಾ? ಕರೆಯುತ್ತಿದ್ದರು, ಮತ್ತು ಅದನ್ನು ಹೇಳುವವನು ಕ್ರೈಸ್ತನೇ ಅಲ್ಲ. ಸುಮಾರು 112ರಲ್ಲಿ ಪ್ಲಿನಿ ಎಂಬ ರೋಮನ್ ಅಧಿಕಾರಿ ಚಕ್ರವರ್ತಿ ಟ್ರಾಜನ್‌ಗೆ ಒಂದು ಪತ್ರ ಬರೆದ. ಈ ಜನ ಗೊತ್ತಾದ ದಿನ ಬೆಳಗಾಗುವ ಮೊದಲೇ ಸೇರುತ್ತಾರೆ, ಕ್ರಿಸ್ತನಿಗೆ ದೇವರಿಗೆ ಹಾಡಿದ ಹಾಗೆ ಹಾಡುತ್ತಾರೆ, ಇವರನ್ನು ಏನು ಮಾಡಲಿ ಅಂತ ಕೇಳಿದ. ಅವನು ಆಳುತ್ತಿದ್ದದ್ದು ಬಿಥಿನಿಯ ಪ್ರಾಂತ್ಯ. ನೈಸಿಯಾ ಇದ್ದದ್ದೂ ಅದೇ ಪ್ರಾಂತ್ಯದಲ್ಲಿ. ಹಾಡು ಮೊದಲು ಬಂತು, ಅದನ್ನು ವಿವರಿಸುವ ಪದ 200 ವರ್ಷ ಬಿಟ್ಟು ಬಂತು. ಈ ಕ್ರಮ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಭಾಷೆಯ ವಿಷಯ. ಗ್ರೀಕ್ ಕಲಿಯಬೇಕಾಗಿಲ್ಲ, ಆದರೆ ಹತ್ತು ಹನ್ನೆರಡು ಗ್ರೀಕ್ ಪದ ಗೊತ್ತಿರಬೇಕು. ಅದಕ್ಕಿಂತ ಮುಖ್ಯ, ಕನ್ನಡದ ಪದಗಳ ಬಗ್ಗೆ ಎಚ್ಚರ ಬೇಕು. ಕನ್ನಡದಲ್ಲಿ ಕ್ರೈಸ್ತ ಪದಗಳೆಲ್ಲ ಬೇರೆ ಮನೆಯಿಂದ ಬಂದ ಸೊಸೆಯರು. ತವರಿನ ನೆನಪು ಬಿಟ್ಟು ಬರುವುದಿಲ್ಲ. ಅವತಾರ ಅಂದ ಕೂಡಲೇ ನಿಮಗೆ ಹತ್ತು ಅವತಾರ ನೆನಪಾಗುತ್ತದೆ. ಕ್ರೈಸ್ತರು ಮನುಷ್ಯಾವತಾರ ಅನ್ನುವಾಗ ಒಂದೇ ಸಲ, ಇನ್ನೊಮ್ಮೆ ಇಲ್ಲ ಅನ್ನುವ ಅರ್ಥದಲ್ಲಿ ಹೇಳುತ್ತಾರೆ. ಕೃಪೆ ಎಂಬ ಪದವನ್ನು ಪ್ರೊಟೆಸ್ಟೆಂಟರು ಬಳಸುವ ಕಡೆ ಕಥೋಲಿಕರು ವರಪ್ರಸಾದ ಅನ್ನುತ್ತಾರೆ. ಆ ಎರಡು ಪದಗಳ ನಡುವೆ, 1517ರಲ್ಲಿ ರೋಮಿನ ಸಭೆಯನ್ನು ಪ್ರಶ್ನಿಸಿದ ಲೂಥರನ ಜಗಳ ಪೂರ್ತಿ ಕೂತಿದೆ. ಮನುಷ್ಯನ ಪ್ರಯತ್ನ ಎಷ್ಟು, ದೇವರ ದಯೆ ಎಷ್ಟು ಅನ್ನುವ ಪ್ರಶ್ನೆ ನಿಮಗೆ ಹೊಸದಲ್ಲ. ಶ್ರೀವೈಷ್ಣವರಲ್ಲಿ ಕೋತಿಮರಿ ತಾಯಿಯನ್ನು ತಾನೇ ಹಿಡಿದುಕೊಳ್ಳುತ್ತದೆ, ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಹೋಗುತ್ತದೆ ಅನ್ನುವ ಚರ್ಚೆ ಇದೆಯಲ್ಲ, ಅದನ್ನು ನೆನಪಿಟ್ಟುಕೊಂಡು ದಯೆಗೆ ಒತ್ತು ಕೊಟ್ಟ ಅಗಸ್ಟೀನ್ ಮತ್ತು ಪ್ರಯತ್ನಕ್ಕೆ ಒತ್ತು ಕೊಟ್ಟ ಪೆಲೇಜಿಯಸ್ ನಡುವಿನ ವಾದ ಓದಿ. ಎರಡೂ ಒಂದೇ ಅಂತ ತೀರ್ಮಾನ ಮಾಡಬೇಡಿ. ಪ್ರಶ್ನೆ ಎಲ್ಲಿ ನೋಯುತ್ತದೆ ಅನ್ನುವುದು ಬೇಗ ತಿಳಿಯುತ್ತದೆ, ಅಷ್ಟೇ.

ಅತಿ ಕಷ್ಟದ ಪದ ವ್ಯಕ್ತಿ. ದೇವರು ಒಬ್ಬನೇ, ತಂದೆ, ಮಗ, ಪವಿತ್ರಾತ್ಮ ಎಂಬ ಮೂವರು ವ್ಯಕ್ತಿಗಳು ಅಂದಾಗ ಕನ್ನಡದ ಕಿವಿಗೆ ಮೂರು ಜನ ಕುರ್ಚಿಯಲ್ಲಿ ಕೂತ ಹಾಗೆ ಕೇಳುತ್ತದೆ. ಇದು ನಮ್ಮ ಕಷ್ಟ ಮಾತ್ರ ಅಲ್ಲ, ಅವರಿಗೂ ಇತ್ತು. ಗ್ರೀಕರು ಮೂರು ಹೈಪೊಸ್ಟಾಸಿಸ್ ಅಂದರು. ಆ ಪದವನ್ನು ಅಕ್ಷರಕ್ಕೆ ಅಕ್ಷರ ಲ್ಯಾಟಿನ್‌ಗೆ ತಂದರೆ ಸಬ್‌ಸ್ಟಾನ್ಷಿಯ, ಅಂದರೆ ಸತ್ವ. ಹಾಗಾಗಿ ಲ್ಯಾಟಿನ್ನರಿಗೆ ಇವರು ಮೂರು ದೇವರು ಅನ್ನುತ್ತಿದ್ದಾರೆ ಅನ್ನಿಸಿತು. ಲ್ಯಾಟಿನ್ನರು ಮೂರು ಪರ್ಸೋನ ಅಂದರು. ಆ ಪದಕ್ಕೆ ನಾಟಕದ ಮುಖವಾಡ ಎಂಬ ಅರ್ಥವೂ ಇತ್ತು. ಗ್ರೀಕರಿಗೆ ಇವರು ಒಬ್ಬನೇ ದೇವರು ಮೂರು ವೇಷ ಹಾಕುತ್ತಾನೆ ಅನ್ನುತ್ತಿದ್ದಾರೆ ಅನ್ನಿಸಿತು. 362ರಲ್ಲಿ ಅತನಾಸಿಯಸ್ ಅಲೆಕ್ಸಾಂಡ್ರಿಯಾದಲ್ಲಿ ಒಂದು ಸಣ್ಣ ಸಭೆ ಕರೆದ. ಒಂದು ಹೈಪೊಸ್ಟಾಸಿಸ್ ಅನ್ನುವವರು, ಮೂರು ಅನ್ನುವವರು, ಇಬ್ಬರನ್ನೂ ವಿಚಾರಿಸಿದರು. ನಿಮ್ಮ ಪದಕ್ಕೆ ನಿಮ್ಮ ಅರ್ಥ ಏನು ಅಂತ ಕೇಳಿದರು. ಮೂರು ದೇವರು ಅನ್ನುತ್ತೀರಾ? ಇಲ್ಲ. ಮುಖವಾಡ ಅನ್ನುತ್ತೀರಾ? ಇಲ್ಲ. ಇಬ್ಬರೂ ಬೇರೆ ಪದದಲ್ಲಿ ಒಂದೇ ಮಾತು ಹೇಳುತ್ತಿದ್ದಾರೆ ಅಂತ ಒಪ್ಪಿಕೊಂಡರು. ಇಡೀ ಸಭಾಚರಿತ್ರೆಯಲ್ಲಿ ನನಗೆ ಬಹಳ ಪ್ರೀತಿಯ ಗಳಿಗೆ ಇದು. ಎಲ್ಲರೂ ನೈಸಿಯಾ ನೆನಪಿಡುತ್ತಾರೆ, ಇದನ್ನು ಮರೆಯುತ್ತಾರೆ. ಇಬ್ಬರಿಗೂ ಸಮಾಧಾನವಾಗಿ ಕಿವಿಕೊಟ್ಟವನು ಐದು ಸಲ ಗಡಿಪಾರಾದ ಮನುಷ್ಯ ಅನ್ನುವುದು ಗಮನಿಸಿ.

ಈಗ ನಿಮ್ಮ ಆಫೀಸಿನ ಮೂವರು. ಮರಿಯಮ್ಮನ ಪ್ರಶ್ನೆಗೆ 431ಕ್ಕೆ ಹೋಗಬೇಕು, ಎಫೆಸಸ್ ಸಭೆಗೆ. ಆಕೆಯನ್ನು ದೇವಮಾತೆ ಅನ್ನಬಹುದಾ ಅನ್ನುವುದು ಅಲ್ಲಿನ ಪ್ರಶ್ನೆ. ಕ್ರಿಸ್ತಮಾತೆ ಅಂದರೆ ಸಾಕು ಅಂದವರು ಕಾನ್‌ಸ್ಟಾಂಟಿನೋಪಲ್‌ನ ಬಿಷಪ್ ನೆಸ್ಟೋರಿಯಸ್. ಸಭೆ ದೇವಮಾತೆ ಅಂತಲೇ ಹೇಳಿತು. ಆದರೆ ವಾದ ನಡೆದದ್ದು ತಾಯಿಯ ಬಗ್ಗೆ ಅಲ್ಲ, ಮಗನ ಬಗ್ಗೆ. ಆಕೆಯ ಹೊಟ್ಟೆಯಲ್ಲಿ ಇದ್ದದ್ದು ಯಾರು ಅನ್ನುವುದು. ಸೆಪ್ಟೆಂಬರ್ 8ರ ಹಬ್ಬದಲ್ಲಿ ಶಿವಾಜಿನಗರದ ಸಂತ ಮೇರಿ ಬೆಸಿಲಿಕಾಕ್ಕೆ ಹೋಗಿ. ಕಾವಿ ಬಟ್ಟೆ ಉಟ್ಟು ಬಂದವರು, ಮೇಣದ ಬತ್ತಿ, ತೇರು, ಎಲ್ಲ ಜಾತಿ ಧರ್ಮದ ಜನ. ಆ ಜನಸಾಗರದ ಹಿಂದೆ ಎಫೆಸಸ್ ಇದೆ. ಆರಾಧನೆ ದೇವರಿಗೆ ಮಾತ್ರ, ಸಂತರಿಗೆ ಗೌರವ ಅನ್ನುವ ವ್ಯತ್ಯಾಸವನ್ನು ನಿಮ್ಮ ಕಥೋಲಿಕ ಗೆಳತಿ ಹೇಳಿದರೆ, ಅದರ ಮೂಲ 787ರ ಎರಡನೇ ನೈಸಿಯಾ ಸಭೆಯಲ್ಲಿದೆ. ಆಮೇಲೆ ಕಾರ್ಪೊರೇಷನ್ ಹತ್ತಿರದ ಹಡ್ಸನ್ ಚರ್ಚಿಗೆ ಹೋಗಿ. ವೆಸ್ಲಿಯನ್ (ಮೆಥೋಡಿಸ್ಟ್) ಮಿಷನರಿ ಜೋಸಯ್ಯ ಹಡ್ಸನ್ ನೆನಪಿಗೆ 1904ರಲ್ಲಿ ಕಟ್ಟಿದ್ದು, ಕನ್ನಡದ ಸಭೆ. ಮಾತೆಯ ವಿಗ್ರಹವಿಲ್ಲ, ಸಂತರಿಲ್ಲ. ಮೊದಲ ಸಲ ಕಣ್ಣಿಗೆ ಖಾಲಿ ಖಾಲಿ ಅನ್ನಿಸಬಹುದು. ಆ ಖಾಲಿತನ 1517ರಿಂದ ಶುರುವಾದ ಪ್ರೊಟೆಸ್ಟೆಂಟ್ ಸುಧಾರಣೆಯ ವಾದ.

ದೀಕ್ಷಾಸ್ನಾನದ ಕಥೆ ನೋವಿನದು. ಕಥೋಲಿಕರೂ ಸಿಎಸ್‌ಐನವರೂ ಮಗುವಿಗೇ ಕೊಡುತ್ತಾರೆ. ನಿಮ್ಮ ಪೆಂತೆಕೋಸ್ತ್ ಗೆಳತಿ, ನಂಬಿದ ಮೇಲೆ ಮುಳುಗಿ ತೆಗೆದುಕೊಳ್ಳಬೇಕು ಅನ್ನುತ್ತಾರೆ. ಪೆಂತೆಕೋಸ್ತ್ ಚಳುವಳಿ ಲೋಕಕ್ಕೆ ಹಬ್ಬಿದ್ದು 1906ರ ಲಾಸ್ ಏಂಜಲೀಸ್ ಕೂಟಗಳಿಂದ. ಆದರೆ ಸ್ನಾನದ ವಾದ ಇನ್ನೂ ಹಳೆಯದು. 1525ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಊರಲ್ಲಿ ಕೆಲವರು, ಮಗುವಾಗಿದ್ದಾಗ ಕೊಟ್ಟದ್ದು ನಮ್ಮ ಒಪ್ಪಿಗೆಯಿಂದ ಆದದ್ದಲ್ಲ ಅಂತ ದೊಡ್ಡವರಾದ ಮೇಲೆ ಮತ್ತೆ ದೀಕ್ಷಾಸ್ನಾನ ಪಡೆದರು. 1527ರಲ್ಲಿ ಅವರಲ್ಲಿ ಫೆಲಿಕ್ಸ್ ಮಾಂಟ್ಸ್ ಎಂಬವನನ್ನು ಅದೇ ಊರಿನ ನದಿಯಲ್ಲಿ ಮುಳುಗಿಸಿ ಕೊಂದರು. ಕೊಲ್ಲಿಸಿದವರು ಪ್ರೊಟೆಸ್ಟೆಂಟರೇ. ನಾನು ಪ್ರೊಟೆಸ್ಟೆಂಟ್. ಪ್ರತಿ ವರ್ಷ ಈ ಪಾಠ ಮಾಡುವಾಗ ದನಿ ಇಳಿಯುತ್ತದೆ. ಇಂಥ ಪುಟಗಳನ್ನು ಹಾರಿಸಿ ಓದಿದರೆ ಅದು ಚರಿತ್ರೆ ಆಗುವುದಿಲ್ಲ.

451ರ ಕಾಲ್ಸಿಡಾನ್ ಸಭೆಯನ್ನೂ ಬೆಂಗಳೂರಿನಲ್ಲೇ ನೋಡಬಹುದು. ಕ್ರಿಸ್ತನಲ್ಲಿ ದೇವತ್ವ, ಮನುಷ್ಯತ್ವ ಎರಡು ಸ್ವಭಾವ ಅಂದಿತು ಸಭೆ. ಈಜಿಪ್ಟ್, ಸಿರಿಯಾ, ಆರ್ಮೇನಿಯಾದ ಸಭೆಗಳು ಅದನ್ನು ಒಪ್ಪಲಿಲ್ಲ. ಕೇರಳದಿಂದ ಬಂದು ಇಲ್ಲಿ ನೆಲೆಸಿದ ಆರ್ಥೊಡಾಕ್ಸ್ ಸಭೆಗಳು ಆ ಒಪ್ಪದವರ ಸಂಪ್ರದಾಯಕ್ಕೆ ಸೇರಿದವು. ಅವರ ಚರ್ಚಿನಲ್ಲಿ ಬಲಿಪೀಠದ ಮುಂದೆ ಪರದೆ ಸರಿಯುವುದನ್ನು, ಸಿರಿಯಾಕ್ ಪದಗಳು ಕೇಳಿಬರುವುದನ್ನು ಗಮನಿಸಿ. ವಿಶ್ವಾಸಪ್ರಮಾಣವನ್ನೂ ಕಿವಿಗೊಟ್ಟು ಕೇಳಿ. ಕಥೋಲಿಕರ ಪಾಠದಲ್ಲಿ ಪವಿತ್ರಾತ್ಮ ತಂದೆಯಿಂದಲೂ ಮಗನಿಂದಲೂ ಹೊರಡುತ್ತಾನೆ. ಇವರ ಪಾಠದಲ್ಲಿ ತಂದೆಯಿಂದ ಮಾತ್ರ. ಪಶ್ಚಿಮದವರು ಸೇರಿಸಿಕೊಂಡ ಆ 'ಮಗನಿಂದಲೂ' ಎಂಬ ಒಂದು ಪದ, ರೋಮ್ ಮತ್ತು ಕಾನ್‌ಸ್ಟಾಂಟಿನೋಪಲ್ 1054ರಲ್ಲಿ ಮುಖ ತಿರುಗಿಸಿಕೊಂಡದ್ದಕ್ಕೆ ಕಾರಣಗಳಲ್ಲಿ ಒಂದು. ಕಾಲ್ಸಿಡಾನಿನ ಗಾಯಕ್ಕೂ ಮುಲಾಮು ಹಚ್ಚುವ ಪ್ರಯತ್ನ ನಡೆದಿದೆ. 1971ರಲ್ಲಿ ಪೋಪ್ ಆರನೇ ಪಾಲ್ ಮತ್ತು ಸಿರಿಯನ್ ಆರ್ಥೊಡಾಕ್ಸ್ ಪಿತೃಪ್ರಧಾನರು, ಕ್ರಿಸ್ತನ ಬಗ್ಗೆ ನಮ್ಮ ನಂಬಿಕೆಯಲ್ಲಿ ಭೇದವಿಲ್ಲ ಅಂತ ಒಟ್ಟಿಗೆ ಹೇಳಿದರು. 1,500 ವರ್ಷ ಬೇಕಾಯಿತು.

ಮಧ್ಯಯುಗವನ್ನು ಮೊದಲ ಸುತ್ತಿನಲ್ಲಿ ಬೇಗ ದಾಟಿ. ಎರಡನೇ ಸುತ್ತಿಗೆ ಇಟ್ಟುಕೊಳ್ಳಿ.

ನಮ್ಮ ನೆಲದ ಚರಿತ್ರೆ ಓದುವಾಗ ಸಂಪ್ರದಾಯ ಯಾವುದು, ದಾಖಲೆ ಯಾವುದು ಅಂತ ಬೇರೆ ಮಾಡುವ ಅಭ್ಯಾಸ ಬೆಳೆಸಿಕೊಳ್ಳಿ. ಅಪೊಸ್ತಲ ತೋಮ 52ರಲ್ಲಿ ಕೇರಳಕ್ಕೆ ಬಂದ ಅನ್ನುವುದು ಅಲ್ಲಿನ ಕ್ರೈಸ್ತ ಸಮುದಾಯ ಜೀವದ ಹಾಗೆ ಕಾಪಾಡಿಕೊಂಡ ನೆನಪು. ಅದನ್ನು ಗೌರವದಿಂದ ನೆನಪು ಅಂತಲೇ ಬರೆದುಕೊಳ್ಳಿ. 849ರ ಕೊಲ್ಲಂ ತಾಮ್ರಪಟ ದಾಖಲೆ. ಒಂದು ಚರ್ಚಿಗೆ ಕೊಟ್ಟ ದತ್ತಿ ಅದು. ಸಾಕ್ಷಿಗಳ ಸಹಿ ಅರಬ್ಬಿ, ಪಹ್ಲವಿ, ಹೀಬ್ರೂ ಲಿಪಿಗಳಲ್ಲಿದೆ. ಒಂದು ಬಂದರು ಊರಿನ ಬದುಕೇ ಆ ಸಹಿಗಳಲ್ಲಿ ಕಾಣುತ್ತದೆ.

ಕನ್ನಡನಾಡಿನ ಭಾಗಕ್ಕೆ ಬಂದರೆ ನಿಮಗೆ ಮನೆಗೆ ಬಂದ ಹಾಗೆ ಆಗುತ್ತದೆ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ದುಡಿಮೆಯಿಂದ 1831ಕ್ಕೆ ಪೂರ್ತಿ ಬೈಬಲ್ ಕನ್ನಡಕ್ಕೆ ಬಂತು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ತಂದರು. ಕಿಟೆಲ್ ನಿಘಂಟು 1894ರದ್ದು. ಅತ್ತೆ ಕೇಳಿದ್ದಕ್ಕೆ ಉತ್ತರ ಇಲ್ಲೇ ಸಿಗಬಹುದು. ಅವೆನ್ಯೂ ರಸ್ತೆಯಲ್ಲಿ ಚಿಕ್ಕಪೇಟೆಯ ಗದ್ದಲದ ನಡುವೆ ರೈಸ್ ಮೆಮೋರಿಯಲ್ ಚರ್ಚ್ ಇದೆ. ಸೀರೆ ಕೊಳ್ಳಲು ಹೋಗುವಾಗ ಅವರು ಎಷ್ಟೋ ಸಲ ಅದರ ಮುಂದೆ ನಡೆದಿರುತ್ತಾರೆ. ಅದು ಮಿಷನರಿ ಬೆಂಜಮಿನ್ ರೈಸ್ ಹೆಸರಿನದು. ಅವರ ಮಗ ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್, ನಮ್ಮ ಸಾವಿರಾರು ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಉಳಿಸಿಕೊಟ್ಟವರು. ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಿಂದ 1849ರಲ್ಲಿ ಜಾನ್ ಗ್ಯಾರೆಟ್ ಭಗವದ್ಗೀತೆಯನ್ನೇ ಸಂಸ್ಕೃತ, ಕನ್ನಡ, ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದರು. ಈ ಚರಿತ್ರೆ ಅತ್ತೆಯವರದೂ ಹೌದು. ಒಂದು ಸಂಜೆ ಅವರನ್ನೂ ಅವೆನ್ಯೂ ರಸ್ತೆಗೆ ಕರೆದುಕೊಂಡು ಹೋಗಿ ತೋರಿಸಿ.

ಸಿಎಸ್‌ಐ ಗೆಳತಿಯ ಸಭೆ ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು, ಸ್ವಾತಂತ್ರ್ಯ ಬಂದು ಆರು ವಾರಕ್ಕೆ. ಎಂ.ಜಿ. ರಸ್ತೆಯ ಸೇಂಟ್ ಮಾರ್ಕ್ಸ್ ಆಂಗ್ಲಿಕನ್, ಕಬ್ಬನ್ ರಸ್ತೆಯ ಸೇಂಟ್ ಆಂಡ್ರೂಸ್ ಸ್ಕಾಟರ ಪ್ರೆಸ್ಬಿಟೇರಿಯನ್, ಹಡ್ಸನ್ ಮೆಥೋಡಿಸ್ಟ್, ರೈಸ್ ಕಾಂಗ್ರಿಗೇಷನಲ್. ಈಗ ಎಲ್ಲ ಒಂದೇ. ಬಿಷಪ್ ಇಲ್ಲದ ಸಭೆಯ ಪಾದ್ರಿಗೆ ಮತ್ತೆ ದೀಕ್ಷೆ ಕೊಡಬೇಕಾ ಅನ್ನುವುದೇ ದೊಡ್ಡ ತೊಡಕಾಗಿತ್ತು. ಇದ್ದವರನ್ನೆಲ್ಲ ಹಾಗೆಯೇ ಒಪ್ಪಿಕೊಳ್ಳೋಣ, ಮುಂದೆ ಬರುವವರಿಗೆ ಬಿಷಪ್ಪರೇ ದೀಕ್ಷೆ ಕೊಡಲಿ ಅಂತ ತೀರ್ಮಾನಿಸಿದರು. 362ರ ಅಲೆಕ್ಸಾಂಡ್ರಿಯಾ ನೆನಪಾಗುತ್ತದೆ ನನಗೆ.

ಓದುವ ಜಾಗಗಳಿಗೆ ಬರೋಣ. ಈ ವಿಷಯಕ್ಕೆ ಬೆಂಗಳೂರಿನಷ್ಟು ಅನುಕೂಲದ ಊರು ದೇಶದಲ್ಲಿ ಕಡಿಮೆ. ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು 1910ರದ್ದು. ಗ್ರಂಥಾಲಯ ದೊಡ್ಡದು, ಜೊತೆಗೆ ಮಿಷನ್ ಕಾಲದ ಕಾಗದಪತ್ರಗಳ ಸಂಗ್ರಹಾಲಯವಿದೆ. ಕಥೋಲಿಕರ ಕಡೆ ಹೊಸೂರು ರಸ್ತೆಯ ಧರ್ಮಾರಾಮ್ ಮತ್ತು ಮಲ್ಲೇಶ್ವರದ ಸೇಂಟ್ ಪೀಟರ್ಸ್ ವಿದ್ಯಾಸಂಸ್ಥೆಗಳಿವೆ. ಮಲ್ಲೇಶ್ವರ ನಿಮ್ಮ ಮನೆಗೆ ಹತ್ತಿರ. ಕೊತ್ತನೂರಿನಲ್ಲಿ ಪ್ರೊಟೆಸ್ಟೆಂಟರ ಸಯಾಕ್ಸ್ ಸಂಸ್ಥೆ ಇದೆ, ಅಲ್ಲಿ ಉನ್ನತ ಅಧ್ಯಯನ ನಡೆಯುತ್ತದೆ. ನೇರವಾಗಿ ಹೋಗಿ ಬಾಗಿಲು ತಟ್ಟುವ ಬದಲು, ಹೊರಗಿನ ಓದುಗರಾಗಿ ಗ್ರಂಥಾಲಯ ಬಳಸಬಹುದಾ ಅಂತ ಮೊದಲೇ ಬರೆದು ಕೇಳಿ. ಪದವಿಯ ರೂಪದಲ್ಲೇ ಓದಬೇಕು ಅನ್ನಿಸಿದರೆ ಸೆರಾಂಪೋರ್ ಸೆನೆಟ್, ಕೆಲಸದಲ್ಲಿ ಇರುವವರಿಗೆ ಮನೆಯಲ್ಲೇ ಓದಿ ಪರೀಕ್ಷೆ ಬರೆಯುವ ಕ್ರೈಸ್ತ ಅಧ್ಯಯನದ ಡಿಪ್ಲೊಮಾ ಮತ್ತು ಪದವಿ ನಡೆಸುತ್ತದೆ. ವಿಲಿಯಂ ಕೇರಿ ಮತ್ತು ಗೆಳೆಯರು 1818ರಲ್ಲಿ ಕಟ್ಟಿದ ಕಾಲೇಜಿನ ಪರಂಪರೆ ಅದು. ಆದರೆ ಮೊದಲ ವರ್ಷವೇ ಪದವಿಗೆ ಸೇರಬೇಡಿ. ಪಠ್ಯದ ಒತ್ತಡದಲ್ಲಿ ಈಗಿನ ಕುತೂಹಲ ಬತ್ತಿಹೋಗಬಹುದು. ಎಷ್ಟೋ ಜನರಿಗೆ ಹಾಗಾದದ್ದನ್ನು ಕಣ್ಣಾರೆ ನೋಡಿದ್ದೇನೆ.

ಬೈಬಲ್ ಎರಡು ಇಟ್ಟುಕೊಳ್ಳಿ, ಪ್ರೊಟೆಸ್ಟೆಂಟರ ಹಳೆಯ ಅನುವಾದ ಒಂದು, ಕಥೋಲಿಕರದು ಒಂದು. ಮೊದಲನೆಯದರಲ್ಲಿ 66 ಪುಸ್ತಕ, ಎರಡನೆಯದರಲ್ಲಿ 73. ಮಾರ್ಕನ ಸುವಾರ್ತೆ ಓದಿ, ಆಮೇಲೆ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರ. ಆ ಪತ್ರ 50ರ ದಶಕದ್ದು. ಒಂದು ಊರಿನ ಸಭೆ ಏನೇನು ವಿಷಯಕ್ಕೆ ಜಗಳ ಆಡುತ್ತಿತ್ತು ಅಂತ ನೋಡಿದರೆ ನಿಮಗೆ ಆಶ್ಚರ್ಯ ಆಗುತ್ತದೆ. ನೋಟ್‌ಬುಕ್ಕಿನ ಪುಟಕ್ಕೆ ನಾಲ್ಕು ಗೆರೆ ಎಳೆಯಿರಿ: ಯಾವ ವರ್ಷ, ಯಾರು ಹೇಳಿದ್ದು, ಯಾರಿಗೆ ಉತ್ತರ, ಯಾವ ಪದಕ್ಕೆ ಜಗಳ. ಮೂರನೇ ಕಾಲಂ ಖಾಲಿ ಇದ್ದರೆ ಆ ಸಿದ್ಧಾಂತ ನಿಮಗೆ ಇನ್ನೂ ಅರ್ಥವಾಗಿಲ್ಲ ಅಂತ ಲೆಕ್ಕ.

ನಂಬಿಕೆ ಇಲ್ಲದವಳಿಗೆ ಅರ್ಥ ಆಗುತ್ತದಾ ಅಂತ ಕೇಳಿದ್ದೀರಿ. ಆಗುತ್ತದೆ. ಒಂದೇ ಷರತ್ತು, ಓದುವುದರ ಜೊತೆಗೆ ಕೇಳಿಸಿಕೊಳ್ಳಬೇಕು. ಪ್ಲಿನಿಗೆ ನಂಬಿಕೆ ಇರಲಿಲ್ಲ, ಆದರೆ ಅವನು ಹಾಡಿನ ವಿಷಯ ಬರೆದುಕೊಂಡ. ಒಂದು ಭಾನುವಾರ ಸಿಎಸ್‌ಐ ಗೆಳತಿಯ ಜೊತೆ ಹಡ್ಸನ್ ಚರ್ಚಿಗೆ ಹೋಗಿ, ಇನ್ನೊಂದು ಭಾನುವಾರ ಕಥೋಲಿಕ ಗೆಳತಿಯ ಜೊತೆ ಕನ್ನಡ ಬಲಿಪೂಜೆಗೆ, ಮತ್ತೊಂದು ವಾರ ಪೆಂತೆಕೋಸ್ತ್ ಸಭೆಗೆ. ಪರಮಪ್ರಸಾದ ಕೊಡುವಾಗ ಸುಮ್ನೆ ನಿಮ್ಮ ಜಾಗದಲ್ಲೇ ಕೂತಿರಿ, ಯಾರೂ ತಪ್ಪು ತಿಳಿಯುವುದಿಲ್ಲ. ವಿಶ್ವಾಸಪ್ರಮಾಣ ಶುರುವಾದಾಗ ಹಾಳೆ ತೆಗೆದು ಜೊತೆಗೆ ಓದಿ. ಅಕ್ಕಪಕ್ಕದವರು ಯಾವ ಸಾಲಿಗೆ ತಲೆ ಬಾಗಿಸುತ್ತಾರೆ, ಎಲ್ಲಿ ದನಿ ಜೋರಾಗುತ್ತದೆ ಅಂತ ಗುರುತು ಹಾಕಿಕೊಳ್ಳಿ. ಪೆಂತೆಕೋಸ್ತ್ ಸಭೆಯಲ್ಲಿ ಈ ಪಾಠ ಸಾಮಾನ್ಯವಾಗಿ ಹೇಳುವುದಿಲ್ಲ. ಅಲ್ಲಿ ಹಾಡುಗಳನ್ನು ಕೇಳಿ, ಅದೇ ಅವರ ಪ್ರಮಾಣ.

ಮೂರು ವಾರದ ಗುರುತುಗಳೂ ನೋಟ್‌ಬುಕ್ಕಿನ ಮೊದಲ ಎರಡು ಪುಟಗಳೂ ತುಂಬಿದ ಮೇಲೆ, ಯಾವ ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿರಿ ಅಂತ ಬರೆಯಿರಿ. ಆ ಸಾಲಿಗೆ ಏನು ಓದಬೇಕು ಅಂತ ನಾನು ಹೇಳುತ್ತೇನೆ.